ಅರಿವು ಬಂದ ದಾರಿಯನ್ನು ಕೇಳೋಣ





ನಮ್ಮ ಧರ್ಮದಲ್ಲಿ ‘ಅರಿವು’ ಎಂಬ ಪದಕ್ಕೆ ಇರುವ ಗೌರವ ಬಹಳ ದೊಡ್ಡದು. ಗುರು, ಲಿಂಗ, ಜಂಗಮಗಳ ತತ್ತ್ವವನ್ನು ವಿವರಿಸುವಾಗ ಶರಣರು ಗುರುವಿನ ಸ್ಥಾನದಲ್ಲಿ ಅರಿವನ್ನೇ ಕುಳ್ಳಿರಿಸಿದರು. ಮಠದ ಶರಣಸಂಗಮದಲ್ಲಾಗಲಿ, ಮನೆಯ ಇಷ್ಟಲಿಂಗ ಪೂಜೆಯಲ್ಲಾಗಲಿ ಈ ಪದವನ್ನು ನಾವು ನಿತ್ಯವೂ ಉಚ್ಚರಿಸುತ್ತೇವೆ. ಆದರೆ ಉಚ್ಚರಿಸುವಷ್ಟು ಸುಲಭವಾಗಿ ಒಂದು ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳುವುದಿಲ್ಲ: ನನಗೆ ಗೊತ್ತಿದೆ ಎಂದು ನಾನು ಹೇಳುವ ಸಂಗತಿ ನನಗೆ ಹೇಗೆ ಗೊತ್ತಾಯಿತು? ಅದು ಯಾವ ದಾರಿಯಲ್ಲಿ ನನ್ನ ಬಳಿಗೆ ಬಂತು?

ಇದು ಪಂಡಿತರ ಗೋಷ್ಠಿಗೆ ಮಾತ್ರ ಸೇರಿದ ಪ್ರಶ್ನೆಯೆಂದು ಯಾರೂ ತಿಳಿಯಬಾರದು. ಮಳೆಗಾಲ ಆರಂಭವಾದೊಡನೆ ಬೆಟ್ಟವನ್ನು ನೋಡಿ ನಿದ್ದೆಗೆಡುವ ಕೊಡಗಿನ ಜನರಿಗೆ ಇದು ಜೀವದ ಪ್ರಶ್ನೆ. ವಚನವನ್ನು ಬಾಳಿನ ದಾರಿದೀಪವೆಂದು ನಂಬಿದವರಿಗೆ ಇದು ನಂಬಿಕೆಯ ಪ್ರಶ್ನೆ. ಆದುದರಿಂದ ಇಂದಿನ ಚಿಂತನೆಯಲ್ಲಿ ಒಂದು ನಿರ್ದಿಷ್ಟ ಅಭಿಪ್ರಾಯವನ್ನು ತಮ್ಮ ಮುಂದಿಡಲು ಬಯಸುತ್ತೇನೆ. ‘ಹೇಗೆ ತಿಳಿಯಿತು?’ ಎಂದು ಕೇಳುವುದು ಶ್ರದ್ಧೆಗೆ ವಿರೋಧವಲ್ಲ. ಶರಣಧರ್ಮದಲ್ಲಿ ಅದೂ ಒಂದು ಆಚರಣೆ.

ನಮ್ಮ ದೇಶದ ದಾರ್ಶನಿಕರು ತಿಳಿವಿನ ಸಾಧನಗಳನ್ನು ‘ಪ್ರಮಾಣ’ ಎಂದು ಕರೆದರು. ಚಾರ್ವಾಕರು ಪ್ರತ್ಯಕ್ಷವೊಂದನ್ನೇ ಒಪ್ಪಿದರು. ನ್ಯಾಯ ದರ್ಶನದವರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕನ್ನು ಹೇಳಿದರು. ಕಣ್ಣಾರೆ ಕಂಡದ್ದು ಪ್ರತ್ಯಕ್ಷ. ಹೊಗೆಯನ್ನು ಕಂಡು ಬೆಂಕಿ ಇದೆಯೆಂದು ಊಹಿಸುವುದು ಅನುಮಾನ. ಕಂಡ ವಸ್ತುವಿನ ಹೋಲಿಕೆಯಿಂದ ಕಾಣದ್ದನ್ನು ಗುರುತಿಸುವುದು ಉಪಮಾನ. ನಂಬತಕ್ಕವರ ಮಾತಿನಿಂದ ತಿಳಿಯುವುದು ಶಬ್ದ. ನಮ್ಮ ಹಳ್ಳಿಯ ಹಿರಿಯರು ಈ ಶಾಸ್ತ್ರಗಳನ್ನು ಓದಿದವರಲ್ಲ. ಆದರೂ ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ಉಳಿಸಿಕೊಟ್ಟರು. ಕಣ್ಣು ಕಂಡದ್ದನ್ನೂ ಒಮ್ಮೆ ಒರೆಗೆ ಹಚ್ಚಬೇಕು ಎಂಬ ಎಚ್ಚರ ಅದರಲ್ಲಿದೆ. ಕಂಡದ್ದಕ್ಕೇ ಇಷ್ಟು ಎಚ್ಚರ ಬೇಕಾದರೆ, ಕೇಳಿದ್ದಕ್ಕೆ ಎಷ್ಟು ಬೇಕು!

ಶರಣರು ಈ ಪ್ರಮಾಣಗಳ ಪಟ್ಟಿಗೆ ಮತ್ತೊಂದನ್ನು ಸೇರಿಸಲಿಲ್ಲ. ಅವರು ಮಾಡಿದ್ದು ಬೇರೆ. ತಿಳಿವಿಗೂ ಬಾಳಿಗೂ ನಡುವೆ ಇದ್ದ ಅಂತರವನ್ನು ಅವರು ಅಳಿಸಿದರು. ಓದಿನಿಂದ ಬಂದದ್ದು ನಡೆಯಲ್ಲಿ ಇಳಿಯದಿದ್ದರೆ ಅದನ್ನು ಅವರು ಅರಿವೆಂದು ಕರೆಯಲಿಲ್ಲ. ಅರಿವಿಗೆ ಎದುರಾದ ಪದವಾಗಿ ಅವರು ಬಳಸಿದ್ದು ‘ಮರವೆ’ ಎಂಬ ಪದವನ್ನು. ಇದನ್ನು ನಾವು ಗಮನಿಸಬೇಕು. ಅಜ್ಞಾನವೆಂದರೆ ಗೊತ್ತಿಲ್ಲದಿರುವುದು, ಮರವೆಯೆಂದರೆ ಗೊತ್ತಿದ್ದೂ ಎಚ್ಚರ ತಪ್ಪಿರುವುದು. ನಮ್ಮ ಬಹುಪಾಲು ಕೇಡುಗಳು ಗೊತ್ತಿಲ್ಲದೆ ಆಗುವುದಿಲ್ಲ, ಗೊತ್ತಿದ್ದೂ ಮರೆತದ್ದರಿಂದ ಆಗುತ್ತವೆ.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಶರಣ ದಂಪತಿಗಳ ಕಥೆಯನ್ನು ತಾವೆಲ್ಲರೂ ಬಲ್ಲಿರಿ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದನ್ನು ನೋಡಿದೊಡನೆಯೇ ಇದು ನಮ್ಮ ನಿತ್ಯದ ಅಳತೆಯಲ್ಲ ಎಂದು ಗುರುತಿಸಿ, ಹೆಚ್ಚಿನದನ್ನು ಹಿಂದಿರುಗಿಸಿ ಬರುವಂತೆ ಪತಿಗೆ ಹೇಳಿದರು. ಈ ಪ್ರಸಂಗವನ್ನು ನಾವು ಸಾಮಾನ್ಯವಾಗಿ ಆಸೆಯಿಲ್ಲದ ಬದುಕಿಗೆ, ಕಾಯಕ ನಿಷ್ಠೆಗೆ ಉದಾಹರಣೆಯಾಗಿ ಹೇಳುತ್ತೇವೆ. ಅದು ಸರಿಯೇ. ಆದರೆ ಅದರಲ್ಲಿ ಅರಿವಿನ ಪಾಠವೂ ಇದೆ. ಅಕ್ಕಿ ಹೆಚ್ಚಾಗಿದೆಯೆಂದು ಲಕ್ಕಮ್ಮನವರಿಗೆ ತಿಳಿದದ್ದು ಹೇಗೆ? ಯಾರೂ ಹೇಳಲಿಲ್ಲ, ಯಾವ ಗ್ರಂಥದಲ್ಲಿಯೂ ಬರೆದಿರಲಿಲ್ಲ. ನಿನ್ನೆಯ ಅಳತೆ, ಮೊನ್ನೆಯ ಅಳತೆ, ತಿಂಗಳ ಹಿಂದಿನ ಅಳತೆ ಅವರ ಕೈಗೆ ಗೊತ್ತಿತ್ತು. ಪ್ರತಿದಿನವೂ ಎಚ್ಚರದಿಂದ ಅಳೆದವರಿಗೆ ಮಾತ್ರ ಒಂದು ದಿನದ ವ್ಯತ್ಯಾಸ ಕಾಣುತ್ತದೆ. ಅಳೆಯದವರಿಗೆ ಎಲ್ಲ ದಿನಗಳೂ ಒಂದೇ.

ಈ ಮಾತನ್ನು ಕೊಡಗಿನವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ನಮ್ಮಲ್ಲಿ ಮಳೆಯನ್ನು ಇಂಚು ಸೆಂಟುಗಳ ಲೆಕ್ಕದಲ್ಲಿ ಅಳೆದು ಬರೆದಿಡುವ ಒಳ್ಳೆಯ ರೂಢಿ ಇದೆ. ತೋಟದ ಮನೆಯ ಅಂಗಳದಲ್ಲಿ ಮರದ ನೆರಳು ಬೀಳದ ಕಡೆ ಮಳೆ ಮಾಪಕವನ್ನಿಟ್ಟು, ಬೆಳಗ್ಗೆ ಎದ್ದು ನೀರನ್ನು ಅಳೆದು, ಡೈರಿಯಲ್ಲಿ ಬರೆದಿಟ್ಟ ಹಿರಿಯರು ಎಷ್ಟೋ ಮನೆಗಳಲ್ಲಿದ್ದಾರೆ. ಇಬ್ಬರು ಬೆಳೆಗಾರರು ಸಂತೆಯಲ್ಲಿ ಎದುರಾದರೆ ಮೊದಲ ಮಾತು ‘ನಿಮ್ಮಲ್ಲಿ ಎಷ್ಟು ಸೆಂಟು?’ ಎಂಬುದೇ. ಒಂದು ದಿನದ ಅಂಕಿಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಇಪ್ಪತ್ತು, ಮೂವತ್ತು ವರ್ಷಗಳ ಅಂಕಿಗಳು ಒಂದೆಡೆ ಕೂಡಿದಾಗ ಅವು ಮಾತನಾಡತೊಡಗುತ್ತವೆ. ಜಡಿಮಳೆಯ ನಡುವೆ ಕುಳಿತವನಿಗೆ ‘ಇಂಥ ಮಳೆ ಹಿಂದೆಂದೂ ಆಗಿರಲಿಲ್ಲ’ ಎನಿಸುವುದು ಸಹಜ. ಡೈರಿ ತೆರೆದರೆ ಅದು ನಿಜವೋ ಅಲ್ಲವೋ ತಿಳಿಯುತ್ತದೆ. ನೆನಪು ನಮ್ಮ ಭಯದ ಬಣ್ಣವನ್ನು ಬಳಿದುಕೊಂಡಿರುತ್ತದೆ, ಅಳತೆಗೆ ಆ ಬಣ್ಣ ಇರುವುದಿಲ್ಲ. ಬಾಳೆಲ್ಲ ಬೆಳಗ್ಗೆ ಎದ್ದು ಮಳೆ ಅಳೆದ ಆ ಹಿರಿಯರು ತಮಗೆ ಗೊತ್ತಿಲ್ಲದೆಯೇ ಲಕ್ಕಮ್ಮನವರ ದಾರಿಯಲ್ಲಿ ನಡೆದವರು ಎಂದೇ ನಾನು ಭಾವಿಸುತ್ತೇನೆ.

2018ರ ಆಗಸ್ಟ್ ತಿಂಗಳ ನಡುವಿನ ಆ ದಿನಗಳನ್ನು ಕೊಡಗು ಮರೆಯಲಾರದು. ಜೂನ್, ಜುಲೈ ತಿಂಗಳುಗಳಲ್ಲಿಯೇ ಧಾರಾಳವಾಗಿ ಮಳೆ ಸುರಿದು ಬೆಟ್ಟದ ಮಣ್ಣು ನೀರು ಕುಡಿದು ತುಂಬಿತ್ತು. ಅದರ ಮೇಲೆ ಆಗಸ್ಟ್ ತಿಂಗಳ ಮಹಾಮಳೆ ಬಂದೆರಗಿತು. ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಕಾಲೂರು, ಮೊಣ್ಣಂಗೇರಿ, ಜೋಡುಪಾಲ ಮೊದಲಾದೆಡೆ ಬೆಟ್ಟಗಳೇ ಜಾರಿ ಬಂದವು. ಮನೆ, ತೋಟ, ಗದ್ದೆ, ರಸ್ತೆಗಳು ಮಣ್ಣುಪಾಲಾದವು. ಮಡಿಕೇರಿಯಿಂದ ಮಂಗಳೂರಿಗೆ ಹೋಗುವ ಹೆದ್ದಾರಿ ಮುಚ್ಚಿತು. ಮರುವರ್ಷ 2019ರಲ್ಲಿ ವಿರಾಜಪೇಟೆ ಕಡೆಯ ತೋರದಲ್ಲಿ, 2020ರ ಆಗಸ್ಟ್ ತಿಂಗಳಲ್ಲಿ ತಲಕಾವೇರಿಯಲ್ಲಿ ಮತ್ತೆ ಬೆಟ್ಟ ಕುಸಿಯಿತು. ತಲಕಾವೇರಿಯಲ್ಲಿ ಅರ್ಚಕರ ಮನೆಯೇ ಮಣ್ಣಿನಡಿ ಸೇರಿತು.

ಇಷ್ಟು ದೊಡ್ಡ ನೋವು ಬಂದೆರಗಿದಾಗ ‘ಏಕೆ ಹೀಗಾಯಿತು?’ ಎಂದು ಮನಸ್ಸು ಕೇಳದೆ ಇರುವುದಿಲ್ಲ. ಕಾರಣ ತಿಳಿಯದ ದುಃಖವನ್ನು ಹೊರುವುದು ಕಷ್ಟ. ಆ ಹೊತ್ತಿನಲ್ಲಿ ಮನಸ್ಸು ಮೊದಲು ಸಿಕ್ಕಿದ ಉತ್ತರವನ್ನೇ ಅಪ್ಪಿಕೊಳ್ಳುತ್ತದೆ. ದೈವಕೋಪವೆಂದು ಕೆಲವರು ಹೇಳಿದರು. 2018ರ ಜುಲೈ ತಿಂಗಳಲ್ಲಿ ಜಿಲ್ಲೆಯಲ್ಲಿ ಭೂಮಿ ಸಣ್ಣದಾಗಿ ಕಂಪಿಸಿತ್ತಾದ್ದರಿಂದ ಭೂಕಂಪವೇ ಕಾರಣವೆಂದು ಮತ್ತೆ ಕೆಲವರು ನಂಬಿದರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ತಜ್ಞರು ಸ್ಥಳಕ್ಕೆ ಬಂದು, ಜಾರಿದ ಇಳಿಜಾರುಗಳನ್ನು ಒಂದೊಂದಾಗಿ ಪರಿಶೀಲಿಸಿದರು. ಅವರು ಎತ್ತಿ ಹೇಳಿದ ಕಾರಣಗಳು ಎರಡು: ಮಿತಿಮೀರಿದ ಮಳೆ, ಮತ್ತು ಮನುಷ್ಯನು ರಸ್ತೆಗೆಂದು, ಕಟ್ಟಡಕ್ಕೆಂದು, ತೋಟಕ್ಕೆಂದು ಇಳಿಜಾರಿನ ಸಹಜ ರೂಪವನ್ನು ಕೆಡಿಸಿದ್ದು.

ಇದರ ಕ್ರಮ ಕಠಿಣವಾದುದೇನಲ್ಲ. ಬೆಟ್ಟದ ಬುಡವು ಮೇಲಿನ ಮಣ್ಣನ್ನು ತಡೆದು ನಿಲ್ಲಿಸಿರುತ್ತದೆ. ಆ ಬುಡವನ್ನು ನೇರವಾಗಿ ಕಡಿದು ಬರೆ ಮಾಡಿದರೆ ಆಸರೆ ತಪ್ಪುತ್ತದೆ. ಮೇಲೆ ಬಿದ್ದ ಮಳೆನೀರು ಹರಿದು ಹೋಗುವ ದಾರಿ ಮುಚ್ಚಿದರೆ ಅದು ಮಣ್ಣಿನೊಳಗೆ ಇಳಿಯುತ್ತದೆ. ನೀರಿನಿಂದ ಮಣ್ಣಿನ ಭಾರ ಹೆಚ್ಚುತ್ತದೆ, ಕಣಕಣಗಳ ನಡುವಣ ಹಿಡಿತ ಸಡಿಲುತ್ತದೆ. ಕೊನೆಗೆ ಒಂದು ದಿನ ಭಾರವು ಹಿಡಿತವನ್ನು ಮೀರುತ್ತದೆ. ಜಾರುವ ಮುನ್ನ ಬೆಟ್ಟ ಎಷ್ಟೋ ಸಲ ಸೂಚನೆ ಕೊಡುತ್ತದೆ: ನೆಲದಲ್ಲಿ ಹೊಸ ಬಿರುಕು, ವಾಲಿದ ಮರ ಅಥವಾ ವಿದ್ಯುತ್ ಕಂಬ, ಇಲ್ಲದಿದ್ದ ಕಡೆ ಹುಟ್ಟಿದ ಒರತೆ, ತಿಳಿಯಾಗಿದ್ದ ಒರತೆಯಲ್ಲಿ ಕೆಸರು, ಇದ್ದಕ್ಕಿದ್ದಂತೆ ಬಿಗಿಯಾದ ಬಾಗಿಲು. ಇವು ಯಾವುವೂ ಮಂತ್ರದಿಂದ ತಿಳಿಯುವಂಥವಲ್ಲ, ನೋಡಿದವರಿಗೆ ಕಾಣುವಂಥವು.

ದೈವಕೋಪವೆಂಬ ಉತ್ತರದ ಬಗ್ಗೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಅದು ಭಕ್ತಿಯ ಮಾತಿನಂತೆ ಕೇಳಿಸುತ್ತದೆ. ಆದರೆ ಅದರ ಫಲವೇನು? ಮನೆಯನ್ನೂ ಮಕ್ಕಳನ್ನೂ ಕಳೆದುಕೊಂಡವರ ತಲೆಯ ಮೇಲೆ ಅದು ಅಪರಾಧದ ಹೊರೆಯನ್ನು ಇಡುತ್ತದೆ. ನೊಂದವರೇ ಏನೋ ತಪ್ಪು ಮಾಡಿದ್ದರು ಎಂದು ಸೂಚಿಸುತ್ತದೆ. ದಯೆಯನ್ನೇ ಧರ್ಮದ ಮೂಲವೆಂದು ಸಾರಿದ ಪರಂಪರೆಯ ನಾವು ಹೀಗೆ ಹೇಳಬಹುದೇ? ತಪ್ಪು ತಿಳಿವು ಕೇವಲ ಬುದ್ಧಿಯ ದೋಷವಲ್ಲ. ಅದು ನೊಂದವರನ್ನು ಇನ್ನೊಮ್ಮೆ ನೋಯಿಸುತ್ತದೆ. ಅಷ್ಟೇ ಅಲ್ಲ, ಮುಂದಿನ ವರ್ಷ ಯಾವ ಬರೆಯನ್ನು ಕಡಿಯಬಾರದು, ಯಾವ ಚರಂಡಿಯನ್ನು ತೆರೆದಿಡಬೇಕು ಎಂಬ ಆಲೋಚನೆಯನ್ನೇ ನಿಲ್ಲಿಸಿಬಿಡುತ್ತದೆ. ಕಾರಣವನ್ನು ಸರಿಯಾಗಿ ಹುಡುಕುವುದೂ ಒಂದು ದಾಸೋಹ. ಮುಂದೆ ಬಾಳುವವರಿಗೆ ಸಲ್ಲುವ ದಾಸೋಹ.

ಇನ್ನು, ಯಾರ ತಿಳಿವನ್ನು ನಾವು ತಿಳಿವೆಂದು ಎಣಿಸುತ್ತೇವೆ ಎಂಬ ಪ್ರಶ್ನೆಯೂ ಇದೆ. ತೋಟದ ಮೇಲಿನ ಅಂಚಿನಲ್ಲಿ ಹೊಸ ಬಿರುಕು ಬಿಟ್ಟಿದ್ದನ್ನು ಮೊದಲು ಕಾಣುವವರು ಯಾರು? ನಿತ್ಯವೂ ಅಲ್ಲಿ ಕಾಲಿಡುವ ಕಾರ್ಮಿಕರು. ಒರತೆಯ ನೀರು ಕದಡಿದ್ದನ್ನು ಮೊದಲು ಗಮನಿಸುವವರು ಯಾರು? ಲೈನ್ ಮನೆಯಿಂದ ಕೊಡ ಹೊತ್ತು ನೀರಿಗೆ ಹೋಗುವ ತಾಯಂದಿರು. ಅವರು ಬಂದು ಹೇಳಿದಾಗ ನಾವು ಕಿವಿಗೊಡುತ್ತೇವೆಯೇ? ಹನ್ನೆರಡನೆಯ ಶತಮಾನದ ಅನುಭವ ಮಂಟಪದಲ್ಲಿ ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ನುಲಿಯ ಚಂದಯ್ಯ, ಸೂಳೆ ಸಂಕವ್ವ ಮುಂತಾದವರ ಮಾತಿಗೆ ಬೆಲೆ ದೊರಕಿತು. ಸಮಾನತೆಯ ದೃಷ್ಟಿಯಿಂದ ಇದನ್ನು ಹೊಗಳುತ್ತೇವೆ. ತಿಳಿವಿನ ದೃಷ್ಟಿಯಿಂದಲೂ ಇದು ದೊಡ್ಡ ಹೆಜ್ಜೆ. ಹೊಳೆಯ ಸೆಳೆತ ಅಂಬಿಗನಿಗೆ ತಿಳಿದಷ್ಟು ಹೊಳೆಯನ್ನು ವರ್ಣಿಸುವ ಪಂಡಿತನಿಗೆ ತಿಳಿಯದು. ಕೆಲಸ ಮಾಡುವ ಕೈಗೆ ತಿಳಿದದ್ದನ್ನು ತಿಳಿವೆಂದು ಒಪ್ಪದ ಸಮಾಜವು ತನ್ನ ಅರ್ಧ ಕಣ್ಣನ್ನು ತಾನೇ ಮುಚ್ಚಿಕೊಂಡಂತೆ.

ಈಗ ಶಬ್ದಪ್ರಮಾಣಕ್ಕೆ, ಅಂದರೆ ಪರರ ಮಾತಿನಿಂದ ತಿಳಿಯುವ ವಿಷಯಕ್ಕೆ ಬರೋಣ. ಎಲ್ಲವನ್ನೂ ಕಣ್ಣಾರೆ ಕಂಡೇ ತಿಳಿಯುತ್ತೇನೆ ಎಂಬುದು ಆಗದ ಮಾತು. ಬಸವಣ್ಣನವರನ್ನು ನಮ್ಮಲ್ಲಿ ಯಾರೂ ಕಂಡವರಿಲ್ಲ. ಅವರ ವಚನಗಳನ್ನು ಅವರ ಬಾಯಿಂದ ಕೇಳಿದವರಿಲ್ಲ. ಹಾಗಿದ್ದರೆ ಅವು ನಮಗೆ ಹೇಗೆ ದೊರೆತವು? ಕಲ್ಯಾಣದ ವಿಪ್ಲವದ ನಂತರ ಚದುರಿದ ವಚನಗಳು ಓಲೆಗರಿಗಳಲ್ಲಿ ಉಳಿದವು. ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, ವಿರಕ್ತರು ಅವುಗಳನ್ನು ಹುಡುಕಿ ಸಂಕಲಿಸಿ ಟೀಕೆಗಳನ್ನು ಬರೆದರು. ಶೂನ್ಯಸಂಪಾದನೆಯಂಥ ಕೃತಿಗಳು ರೂಪುಗೊಂಡವು. ಬಳಿಕ ಶತಮಾನಗಳ ಕಾಲ ಆ ಕಟ್ಟುಗಳು ಮಠಗಳ, ಮನೆಗಳ ಜಂತಿಗಳಲ್ಲಿ ಉಳಿದವು.

ಅವುಗಳನ್ನು ಲೋಕದ ಬೆಳಕಿಗೆ ತಂದವರಲ್ಲಿ ಅಗ್ರಗಣ್ಯರು ಡಾ. ಫ. ಗು. ಹಳಕಟ್ಟಿಯವರು. ಅವರು ವೃತ್ತಿಯಿಂದ ವಕೀಲರು. ಸಾಕ್ಷಿಯೆಂದರೇನು, ದಾಖಲೆಯೆಂದರೇನು ಎಂಬುದನ್ನು ನ್ಯಾಯಾಲಯದಲ್ಲಿ ಕಂಡವರು. ಮನೆಮನೆಗೆ ತಿರುಗಿ ತಾಡೋಲೆಗಳನ್ನು ಸಂಗ್ರಹಿಸಿ, ಪ್ರತಿ ಮಾಡಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಅದಕ್ಕಾಗಿ ಇದ್ದ ಮನೆಯನ್ನೇ ಮಾರಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಮುಂದೆ 1993ರಲ್ಲಿ ಕರ್ನಾಟಕ ಸರಕಾರವು ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ಅಂದರೆ ನಮ್ಮ ಕೈಯಲ್ಲಿರುವ ಒಂದೊಂದು ವಚನದ ಹಿಂದೆಯೂ ಓಲೆಗರಿ, ಪ್ರತಿಕಾರ, ಸಂಗ್ರಾಹಕ, ಸಂಪಾದಕ ಎಂಬ ಸರಪಳಿಯೊಂದಿದೆ. ಆ ಸರಪಳಿಯ ಕೊಂಡಿಗಳನ್ನು ತೋರಿಸಬಲ್ಲೆವಾದ್ದರಿಂದಲೇ ವಚನವನ್ನು ನಾವು ನಂಬುತ್ತೇವೆ. ನಂಬತಕ್ಕ ಮಾತಿನ ಲಕ್ಷಣವೇ ಇದು: ತಾನು ಬಂದ ದಾರಿಯನ್ನು ಅದು ಮುಚ್ಚಿಡುವುದಿಲ್ಲ.

ಇಂದು ಮೊಬೈಲಿನಲ್ಲಿ ಪ್ರತಿ ಬೆಳಗ್ಗೆಯೂ ಸೂರ್ಯೋದಯದ ಚಿತ್ರದೊಡನೆ ‘ಬಸವಣ್ಣನವರ ವಚನ’ ಎಂಬ ಶೀರ್ಷಿಕೆಯಲ್ಲಿ ಏನೇನೋ ಸಾಲುಗಳು ಬರುತ್ತಿವೆ. ಭಕ್ತರು ಅವುಗಳನ್ನು ಮಠಕ್ಕೆ ಕಳುಹಿಸಿ, ಇದು ಯಾವ ಸಂಪುಟದಲ್ಲಿದೆ ಎಂದು ವಿಚಾರಿಸುವುದುಂಟು. ಹುಡುಕಿದರೆ ಕೆಲವು ಸಿಗುತ್ತವೆ, ಕೆಲವು ಎಲ್ಲಿಯೂ ಸಿಗುವುದಿಲ್ಲ. ಅಂಕಿತವೊಂದನ್ನು ಕೊನೆಗೆ ಸೇರಿಸಿದ ಮಾತ್ರಕ್ಕೆ ಒಂದು ಸಾಲು ವಚನವಾಗುವುದಿಲ್ಲ. ಅಂಕಿತವನ್ನು ಯಾರು ಬೇಕಾದರೂ ಬರೆಯಬಹುದು. ‘ಒಳ್ಳೆಯ ಮಾತಲ್ಲವೇ, ಯಾರು ಹೇಳಿದರೇನು?’ ಎಂದು ಕೆಲವರು ಕೇಳುತ್ತಾರೆ. ಒಳ್ಳೆಯ ಮಾತಾದರೆ ಅದನ್ನು ಒಳ್ಳೆಯ ಮಾತೆಂದೇ ಹಂಚೋಣ. ಬಸವಣ್ಣನವರು ಹೇಳದ್ದನ್ನು ಅವರು ಹೇಳಿದರೆಂದು ಹಂಚುವುದು, ಮಹಾಮನೆಯ ಅಂಗಳದ ಅಕ್ಕಿಗೆ ಬೇರೆಡೆಯ ಅಕ್ಕಿಯನ್ನು ಬೆರೆಸಿದಂತೆ. ಇಂದು ಬೆರೆತದ್ದು ಹಿತವಾದ ಮಾತಾಗಿರಬಹುದು. ನಾಳೆ ಅದೇ ಹೆಸರಿನಲ್ಲಿ ದ್ವೇಷದ ಮಾತು ಬಂದರೆ ಯಾವ ಆಧಾರದಿಂದ ಅದನ್ನು ಅಲ್ಲಗಳೆಯುತ್ತೀರಿ? ಪರೀಕ್ಷಿಸುವುದು ಕಷ್ಟವೂ ಅಲ್ಲ. ಮುದ್ರಿತ ಸಂಪುಟಗಳಿವೆ; ‘ವಚನ ಸಂಚಯ’ದಂಥ ಜಾಲತಾಣಗಳಲ್ಲಿ ಒಂದು ಪದವನ್ನು ಹಾಕಿ ಹುಡುಕುವ ಸೌಕರ್ಯವೂ ಇದೆ.

ನಮ್ಮ ನಾಡಿನ ಚರಿತ್ರೆಯ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಹಾಲೇರಿ ವಂಶದ ಅರಸರು ಲಿಂಗಾಯತ ಧರ್ಮೀಯರು. ಅವರ ಬಗ್ಗೆ ನಮಗೆ ಸಹಜವಾದ ಅಭಿಮಾನವಿದೆ. ಮಡಿಕೇರಿಯ ಗದ್ದಿಗೆ, 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಓಂಕಾರೇಶ್ವರ ದೇವಾಲಯ ಇಂದಿಗೂ ಅವರನ್ನು ನೆನಪಿಸುತ್ತವೆ. ಅವರ ಚರಿತ್ರೆ ನಮಗೆ ತಿಳಿದದ್ದು ಹೇಗೆ? ದೊಡ್ಡ ವೀರರಾಜೇಂದ್ರನ ಆಸ್ಥಾನದಲ್ಲಿ ಸಿದ್ಧವಾದ ‘ರಾಜೇಂದ್ರನಾಮೆ’ ಒಂದು ಆಕರ. ಅರಸು ತನ್ನ ವಂಶದ ಬಗ್ಗೆ ತಾನೇ ಬರೆಯಿಸಿದ ಗ್ರಂಥವದು. 1834ರಲ್ಲಿ ಚಿಕ್ಕ ವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡ ಬಳಿಕ ಆಂಗ್ಲರ ಕಾಲದಲ್ಲಿ ಬಂದ ಬರಹಗಳು ಇನ್ನೊಂದು ಆಕರ. 1855ರಲ್ಲಿ ಪ್ರಕಟವಾದ ಪಾದ್ರಿ ಮೋಗ್ಲಿಂಗನ ಕೊಡಗಿನ ವೃತ್ತಾಂತ ಅವುಗಳಲ್ಲಿ ಒಂದು. ಮೊದಲನೆಯದು ಗದ್ದುಗೆಯ ಮೇಲೆ ಕುಳಿತವರ ಮಾತು. ಎರಡನೆಯದು ಗದ್ದುಗೆಯಿಂದ ಇಳಿಸಿದವರ ಆಳ್ವಿಕೆಯಲ್ಲಿ ಬಂದ ಮಾತು. ಆದ್ದರಿಂದ ಎರಡನ್ನೂ ಓದಬೇಕು, ಎರಡನ್ನೂ ತೂಗಬೇಕು.

ಆದರೆ ನಮ್ಮಲ್ಲಿ ಬಹುಮಂದಿಗೆ ಚಿಕ್ಕ ವೀರರಾಜೇಂದ್ರ ಪರಿಚಿತನಾದದ್ದು ಈ ಎರಡರಿಂದಲೂ ಅಲ್ಲ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಕಾದಂಬರಿಯಿಂದ. ಅದು ಕನ್ನಡದ ಶ್ರೇಷ್ಠ ಕೃತಿಗಳಲ್ಲೊಂದು, ಜ್ಞಾನಪೀಠ ಪ್ರಶಸ್ತಿಯೊಡನೆ ನೆನೆಯಲ್ಪಡುವ ಕೃತಿ. ಆದರೂ ಅದು ಕಾದಂಬರಿ. ಪಾತ್ರದ ಅಂತರಂಗವನ್ನು ಕಲ್ಪಿಸಿ ಬರೆಯುವುದು ಕಾದಂಬರಿಕಾರನ ಹಕ್ಕು. ಆ ಕಲ್ಪನೆಯನ್ನು ದಾಖಲೆಯೆಂದು ತಿಳಿಯುವುದು ಓದುಗನ ಮರವೆ. ಅರಸನನ್ನು ಹೊಗಳುವವರೂ ತೆಗಳುವವರೂ ‘ನನಗೆ ಗೊತ್ತು’ ಎನ್ನುವ ಮುನ್ನ, ತಮಗೆ ತಿಳಿದದ್ದು ಈ ಮೂರರಲ್ಲಿ ಯಾವ ದಾರಿಯಿಂದ ಬಂತು ಎಂದು ನೋಡಿಕೊಂಡರೆ ಅರ್ಧ ಜಗಳ ಅಲ್ಲಿಯೇ ಮುಗಿಯುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಹೀಗೆ ಎಲ್ಲವನ್ನೂ ಕೆದಕುತ್ತ ಹೋದರೆ ಶ್ರದ್ಧೆ ಉಳಿಯುವುದೇ? ಗುರುವಾಕ್ಯವನ್ನೂ ಪ್ರಶ್ನಿಸಬೇಕೇ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಶೂನ್ಯಸಂಪಾದನೆಯಲ್ಲಿ ಬರುವ ಮುಕ್ತಾಯಕ್ಕನ ಪ್ರಸಂಗವನ್ನು ನೆನೆಯೋಣ. ಅಣ್ಣ ಅಜಗಣ್ಣನನ್ನು ಕಳೆದುಕೊಂಡು ದುಃಖದಲ್ಲಿ ಮುಳುಗಿದ್ದ ಆಕೆಯ ಬಳಿಗೆ ಅಲ್ಲಮಪ್ರಭುಗಳು ಬರುತ್ತಾರೆ. ಬಂದವರು ಮಹಾಜ್ಞಾನಿ. ಆದರೂ ಮುಕ್ತಾಯಕ್ಕ ಅವರ ಸಾಂತ್ವನವನ್ನು ಕೇಳಿದ ಕೂಡಲೇ ತಲೆಬಾಗಿ ಒಪ್ಪುವುದಿಲ್ಲ. ಮಾತಿಗೆ ಮಾತು ಕೊಡುತ್ತಾಳೆ, ಸಂಶಯವನ್ನು ಮುಚ್ಚಿಡದೆ ಮುಂದಿಡುತ್ತಾಳೆ. ಪ್ರಭುಗಳು ಕೋಪಗೊಳ್ಳುವುದಿಲ್ಲ. ಸಂವಾದದ ಕೊನೆಗೆ ಆಕೆಗೆ ದೊರೆಯುವ ಶಾಂತಿ ಎರವಲು ತಂದದ್ದಲ್ಲ, ತನ್ನೊಳಗೇ ಹುಟ್ಟಿದ್ದು. ಪ್ರಶ್ನೆ ಕೇಳಿದ್ದಕ್ಕಾಗಿ ಮುಕ್ತಾಯಕ್ಕನನ್ನು ಶರಣರು ಕಿರಿದಾಗಿ ಕಾಣಲಿಲ್ಲ; ಶರಣೆಯೆಂದು ಗೌರವಿಸಿದರು. ಗುರುವಿಗೆ ಸಲ್ಲಿಸುವ ಪ್ರಶ್ನೆಯೂ ಒಂದು ಬಗೆಯ ಪೂಜೆಯೇ. ಗೇಲಿಗೆ ಕೇಳುವುದು ಬೇರೆ, ತಿಳಿಯಲು ಕೇಳುವುದು ಬೇರೆ.

ಪ್ರಶ್ನೆಗೂ ಅಳತೆಗೂ ಒಂದು ಎಲ್ಲೆ ಇದೆ ಎಂಬುದನ್ನೂ ಒಪ್ಪೋಣ. ಮುಕ್ತಾಯಕ್ಕನ ದುಃಖವನ್ನು ಯಾವ ಮಾಪಕದಿಂದ ಅಳೆಯುತ್ತೀರಿ? ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿ ನೆಟ್ಟು ಕುಳಿತವನ ಮನಸ್ಸು ಒಂದು ಗಳಿಗೆ ನಿಂತಾಗ ಆತನಿಗೆ ಆದದ್ದೇನೆಂದು ಯಾವ ಪ್ರಯೋಗಾಲಯ ತೋರಿಸೀತು? ಅನುಭವವನ್ನು ದಾಟಿದ ಅನುಭಾವ ಅದು. ಅಲ್ಲಮರು ಅನಿಮಿಷಯ್ಯನಿಂದ ಲಿಂಗವನ್ನು ಪಡೆದ ಪ್ರಸಂಗದಲ್ಲಿ ಗುರು ಒಂದು ಮಾತನ್ನೂ ಆಡುವುದಿಲ್ಲ. ಅರಿವು ಅಲ್ಲಿ ಮಾತಿಲ್ಲದೆ ಕೈಯಿಂದ ಕೈಗೆ ಬಂತು. ಅಂಥ ಅರಿವನ್ನು ಪಡೆಯಲು ಅದನ್ನು ಬಾಳಿಯೇ ನೋಡಬೇಕು.

ಆದ್ದರಿಂದ ತಪ್ಪುಗಳು ಎರಡು ಬಗೆಯವು. ಅಳೆಯಲಾಗದ್ದನ್ನು ಅಳೆಯುತ್ತೇನೆ ಎನ್ನುವುದು ಒಂದು ತಪ್ಪು. ಅಳೆಯಬಹುದಾದದ್ದನ್ನು ಅಳೆಯದೆ ನಂಬುವುದು ಇನ್ನೊಂದು. ಮೊದಲನೆಯ ತಪ್ಪಿನಿಂದ ಬದುಕು ಒಣಗುತ್ತದೆ. ಎರಡನೆಯ ತಪ್ಪಿನಿಂದ ಬದುಕೇ ಹೋಗುತ್ತದೆ. ‘ನಮ್ಮ ಮನೆಯ ಹಿಂದಿನ ಬರೆ ಈ ಮಳೆಗಾಲದಲ್ಲಿ ನಿಲ್ಲುವುದೇ?’ ಎಂದು ಮಠಕ್ಕೆ ಬಂದು ಕೇಳುವ ಭಕ್ತನಿಗೆ ವಿಭೂತಿಯನ್ನಿಟ್ಟು ಧೈರ್ಯ ಹೇಳುವುದು ಮಠದ ಧರ್ಮ. ‘ನಿಲ್ಲುತ್ತದೆ, ಹೋಗು’ ಎಂದು ಹೇಳುವುದು ಮಠದ ಧರ್ಮವಲ್ಲ. ಇಳಿಜಾರನ್ನು ಬಲ್ಲವರಿಗೆ ತೋರಿಸು, ಬಿರುಕು ಕಂಡರೆ ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಆ ರಾತ್ರಿಯೇ ಹೊರಟು ಬಾ, ಇಲ್ಲಿ ಪ್ರಸಾದವಿದೆ, ಮಲಗಲು ಜಾಗವಿದೆ ಎಂದು ಹೇಳುವುದು ಮಠದ ಧರ್ಮ. ಧಾರ್ಮಿಕ ಪೀಠಗಳ ಗೌರವ ಎಲ್ಲಕ್ಕೂ ಉತ್ತರ ಹೇಳುವುದರಿಂದ ಹೆಚ್ಚುವುದಿಲ್ಲ. ತಿಳಿದವರ ಕಡೆಗೆ ಕೈ ತೋರಿಸುವ ವಿನಯದಿಂದ ಹೆಚ್ಚುತ್ತದೆ.

ಕೊನೆಯದಾಗಿ ಅರಿವು ಮತ್ತು ಆಚಾರದ ಸಂಬಂಧ. ಕಾಫಿಯ ಬೆಳೆಗಾರರಿಗೆ ಹೂಮಳೆಯ ಮಹತ್ವ ಗೊತ್ತು. ಬೇಸಗೆಯಲ್ಲಿ ಮೊದಲ ಮಳೆ ಬಿದ್ದಾಗ ಗಿಡವೆಲ್ಲ ಬಿಳಿಯ ಹೂವಾಗಿ ತೋಟ ಘಮಘಮಿಸುತ್ತದೆ. ನೋಡಿದವರು ಈ ವರ್ಷ ಫಸಲು ತುಂಬಿ ಬಂತೆಂದು ತಿಳಿಯುತ್ತಾರೆ. ಆದರೆ ಕೆಲವು ವಾರಗಳಲ್ಲಿ ಎರಡನೆಯ ಮಳೆ, ಬೆಳೆಗಾರರು ಬ್ಯಾಕಿಂಗ್ ಮಳೆಯೆನ್ನುವುದು, ಬಾರದಿದ್ದರೆ ಆ ಹೂವೆಲ್ಲ ಕಾಯಿ ಕಚ್ಚುವುದಿಲ್ಲ. ಪ್ರವಚನ ಕೇಳಿದ ಸಂಜೆ ಮನಸ್ಸಿನಲ್ಲಿ ಅರಳುವ ಹೂವೂ ಹೀಗೆಯೇ. ಕೇಳಿದ್ದು ಹೂಮಳೆ. ಅದನ್ನು ನಡೆಯಲ್ಲಿ ತರುವುದು ಹಿಂದಿನಿಂದ ಬರಬೇಕಾದ ಮಳೆ. 2018ರ ಬಳಿಕ ಇಳಿಜಾರುಗಳ ಬಗ್ಗೆ ನಮಗೆ ತಿಳಿದದ್ದು ಬಹಳ. ಆ ತಿಳಿವು ಅರಿವಾಗಿದೆಯೇ ಎಂಬುದಕ್ಕೆ ಉತ್ತರವನ್ನು ವರದಿಗಳಲ್ಲಿ ಹುಡುಕಬೇಕಾಗಿಲ್ಲ. ಇನ್ನೊಮ್ಮೆ ಯಂತ್ರ ತಂದು ಬೆಟ್ಟದ ಬುಡ ಕಡಿಯುವ ಮುನ್ನ ನಮ್ಮ ಕೈ ತಡೆಯುತ್ತದೆಯೇ ಎಂದು ನೋಡಿಕೊಂಡರೆ ಸಾಕು. ತಡೆದರೆ ಅರಿವು. ತಡೆಯದಿದ್ದರೆ ಮರವೆ.

ಆದುದರಿಂದ ಭಕ್ತರಲ್ಲಿ ಒಂದು ವಿನಂತಿ. ಯಾವುದೇ ಸುದ್ದಿಯನ್ನಾಗಲಿ, ವಚನವನ್ನಾಗಲಿ ಮುಂದಕ್ಕೆ ಕಳುಹಿಸುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಇದನ್ನು ಕಂಡವರು ಅಥವಾ ಅಳೆದವರು ಯಾರು? ಅದು ನನ್ನವರೆಗೆ ಬಂದ ದಾರಿ ನನಗೆ ಕಾಣುತ್ತಿದೆಯೇ? ಇದು ಸುಳ್ಳಾದರೆ ನೋಯುವವರು ಯಾರು? ಮೂರನೆಯ ಪ್ರಶ್ನೆ ಯಾವ ತರ್ಕಶಾಸ್ತ್ರದಲ್ಲಿಯೂ ಇರಲಿಕ್ಕಿಲ್ಲ. ಆದರೆ ದಯೆಯಿಲ್ಲದ ತಿಳಿವನ್ನು ಶರಣರು ಒಪ್ಪಲಿಲ್ಲವಾದ್ದರಿಂದ ನಮ್ಮ ಪ್ರಮಾಣಗಳಲ್ಲಿ ಅದಕ್ಕೆ ಸ್ಥಾನವಿರಲೇಬೇಕು. ಮನೆಯ ಮಕ್ಕಳು ‘ಇದು ನಿಮಗೆ ಹೇಗೆ ಗೊತ್ತು?’ ಎಂದು ಕೇಳಿದಾಗ ಗದರಿಸದಿರೋಣ. ಗೊತ್ತಿದ್ದರೆ ದಾರಿ ತೋರಿಸೋಣ. ಗೊತ್ತಿಲ್ಲದಿದ್ದರೆ ‘ಬಾ, ಇಬ್ಬರೂ ಸೇರಿ ನೋಡೋಣ’ ಎನ್ನೋಣ.